ಹೂವಿಗೆ ಇಟ್ಟ ಎಡೆ

೧೯೬೬ ಫೆಬ್ರವರಿ ೨, ಬುಧವಾರ

ಅಕ್ಷರ ಸೊಟ್ಟ. ಕಾಗುಣಿತವೂ ಅಲ್ಲಲ್ಲಿ ತಪ್ಪುತ್ತದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಯಾರೂ ಓದುವುದಿಲ್ಲ, ಆದರೂ ಮೊದಲೇ ಹೇಳಿಬಿಟ್ಟರೆ ಧೈರ್ಯ — ಕ್ಷಮಿಸಬೇಕು. ನಾಲ್ಕು ಜನರ ಎದುರು ನನಗೆ ಮಾತು ಹೊರಡುವುದಿಲ್ಲ. ಕೈಯಿಂದಾದರೂ ಹೊರಡಲಿ ಅಂತ.

ಗಂಜಿ ಆಯಿತು. ಉಪ್ಪು ಹಾಕಿಲ್ಲ. ಬೇವಿನ ಎಲೆ ಕುದಿಸಿದ ನೀರಲ್ಲಿ ಅತ್ತೆಯ ಬೆನ್ನು, ತೋಳು ಒರೆಸಿದೆ. ಮೈಯೆಲ್ಲ ಕೆರೆತ. ಕೆರೆದು ಕೆರೆದು ಗಾಯ. ಕಣ್ಣಿನ ಬಿಳಿ ಇರಬೇಕಾದ ಜಾಗ ಪೂರ್ತಿ ಹಳದಿ. ಅವರು ನನ್ನ ಕಡೆ ನೋಡಿದಾಗ ಬೇರೆ ಯಾರೋ ಒಳಗಿಂದ ನೋಡಿದ ಹಾಗೆ.

ಪುಷ್ಯದಲ್ಲಿ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು ಇವರು. ಹೊಟ್ಟೆ ಕೊಯ್ದರು. ನೋಡಿದರು. ಹಾಗೇ ಹೊಲಿದು ಕಳಿಸಿದರು. ಹೊಟ್ಟೆಯ ಹಿಂದೆ, ಬೆನ್ನಿಗೆ ಒರಗಿದ ಹಾಗೆ ಒಂದು ಗ್ರಂಥಿ ಇದೆಯಂತೆ, ಪ್ಯಾಂಕ್ರಿಯಾಸ್ ಅಂತ. ಅದರ ತಲೆಯಲ್ಲಿ ಕ್ಯಾನ್ಸರ್ ಗಡ್ಡೆ. ಪಿತ್ತ ಇಳಿಯುವ ದಾರಿಯನ್ನು ಅದು ಕಟ್ಟಿಹಾಕಿದೆ, ಅದಕ್ಕೇ ಹಳದಿ. ತೆಗೆಯಲು ಬರುವುದಿಲ್ಲ. ಇನ್ನು ನೋವು ಕಡಿಮೆ ಮಾಡುವುದಷ್ಟೇ ಅಂದರಂತೆ ಡಾಕ್ಟರು.

ಅತ್ತೆಗೆ ಹೇಳಿರುವುದು — ಗಡ್ಡೆ ತೆಗೆದಾಯ್ತು, ಇನ್ನು ಉಳಿದಿರುವುದು ಬರೀ ಕಾಮಾಲೆ, ನಾಟಿ ಔಷಧಿಗೆ ಇಳಿಯುತ್ತದೆ ಅಂತ.

ಇವರು ನನ್ನ ಹತ್ತಿರ ಆಣೆ ಹಾಕಿಸಿಕೊಂಡಿದ್ದಾರೆ. "ನೀ ಹೆಂಗೂ ಬಾಯಿ ಬಿಡೋಳಲ್ಲ. ಅದೇ ಒಳ್ಳೇದಾಯ್ತು," ಅಂದರು.

ಇವರು ಅಂದರೆ ದುಗ್ಗಪ್ಪ. ಗಂಡನ ಹೆಸರು ಬಾಯಲ್ಲಿ ಹೇಳಬಾರದು. ಬರೆದರೆ ಏನೂ ಆಗಲಿಕ್ಕಿಲ್ಲ.

ಫೆಬ್ರವರಿ ೫, ಶನಿವಾರ

ಭೂತಪ್ಪ ಬಂದಿದ್ದರು. ಹೊಸನಗರದ ಕಡೆಯವರು, ಕಾಮಾಲೆ ಇಳಿಸುವವರು. ಶನಿವಾರ ಶನಿವಾರ ಬೆಳಗಿನ ಬಸ್ಸಿಗೆ ಬರುತ್ತಾರೆ.

ಹಿತ್ತಾಳೆ ತಟ್ಟೆಯಲ್ಲಿ ಸುಣ್ಣದ ತಿಳಿನೀರು. ಅತ್ತೆಯ ಎರಡೂ ಅಂಗೈಗೆ ಯಾವುದೋ ಮರದ ಚಕ್ಕೆಯ ರಸ ಸವರಿ ನೀರಿಗಿಳಿಸಿದರು. ಮಂತ್ರ ಹೇಳುತ್ತಾ ಮೊಣಕೈಯಿಂದ ಕೆಳಗೆ ನೀವಿದರು. ನೋಡನೋಡುತ್ತ ನೀರು ಹಳದಿ. ಬೆರಳ ತುದಿಯಿಂದ ಹೊಗೆಯ ಹಾಗೆ ಬಿಟ್ಟುಕೊಂಡು ಬಂತು.

"ಇಳೀತಾ ಅದೆ ಕೆರಿಯಕ್ಕ," ಅಂದರು ಭೂತಪ್ಪ.

ಅತ್ತೆಗೆ ಖುಷಿ. "ಇಳೀದೆ ಎಲ್ಲಿಗೆ ಹೋಗ್ತದೆ? ಮನೇಲಿ ತಿನ್ನಕ್ಕೆ ಎಂತದೂ ಇಲ್ಲ ಅಂತ ಅದಕ್ಕೂ ಬೇಜಾರು ಬಂದಿರ್ತದೆ!"

ಪಥ್ಯ ಇನ್ನೂ ಬಿಗಿ ಮಾಡಿ ಹೋದರು. ಉಪ್ಪಿಲ್ಲ, ಎಣ್ಣೆಯಿಲ್ಲ, ಖಾರ ಇಲ್ಲ. ಮೀನು ಅಂತೂ ಹೆಸರೇ ಎತ್ತಬಾರದು. ಅತ್ತೆಗೆ ಮೀನು ಅಂದರೆ ಪ್ರಾಣ.

ಅವರು ಹೋದ ಮೇಲೆ ಅತ್ತೆ ನನ್ನ ಕೊರಳ ಕಡೆ ನೋಡಿ, "ಏ ಹೂವಿ, ನಿನ್ನ ಸವತಿ ನಂಗೆ ಸಪ್ಪೆ ಕುಡಿಸಿ ತಾನು ಒಳಗೆ ಒಣಮೀನು ಸುಡ್ತಾಳಾ ಹೆಂಗೆ? ನೋಡ್ಕಂಡು ಹೇಳೇ," ಅಂದರು.

ಇದು ಮೊದಲಿಂದಲೂ ಅವರ ತಮಾಷೆ. ನನ್ನ ಕೊರಳಲ್ಲಿ ತಾಳಿಯ ಜೊತೆ ಒಂದು ಬೆಳ್ಳಿ ಬಿಲ್ಲೆ ಇದೆ. ಇವರ ಮೊದಲ ಹೆಂಡತಿ ಹೂವಮ್ಮನದು. ಜ್ವರ ಬಂದು ಹೋದಳಂತೆ, ನಾನು ಅವಳನ್ನು ಕಂಡಿಲ್ಲ. ಎರಡನೆಯವಳಾಗಿ ಬಂದವಳು ಸತ್ತವಳ ಬಿಲ್ಲೆ ಹಾಕಿಕೊಳ್ಳಬೇಕು. ಹೊಸ ಸೀರೆ ಮೊದಲು ಅದಕ್ಕೆ ಮುಟ್ಟಿಸಬೇಕು, ಹೂವು ಮೊದಲು ಅದಕ್ಕೆ, ಆಮೇಲೆ ನನಗೆ. ಬಿಲ್ಲೆಯ ಮೇಲೆ ಹೆಂಗಸಿನ ಆಕಾರ ಕೆತ್ತಿದೆ. ಮೂಗಿದೆ, ಬಾಯಿದೆ. ಕಣ್ಣಿಲ್ಲ. ಅಕ್ಕಸಾಲಿ ಮರೆತನೋ ಏನೋ.

ಫೆಬ್ರವರಿ ೯, ಬುಧವಾರ. ಮಧ್ಯಾಹ್ನ

ನಮ್ಮದು ಅಕ್ಕಿ ಮಿಲ್ಲಿನ ಹಿಂದಿನ ಸಾಲುಮನೆ. ಇವರ ಕೆಲಸವೂ ಮಿಲ್ಲಿನಲ್ಲೇ. ಆನಂದಪುರದ ರಸ್ತೆಯ ಧೂಳು, ಮಿಲ್ಲಿನ ತೌಡು, ಎರಡೂ ಬಂದು ಪಾತ್ರೆಯ ಮೇಲೆ ಕೂರುತ್ತವೆ. ಬೆಳಗಿನಿಂದ ಇಂಜಿನ್ ಸದ್ದು. ಮಧ್ಯಾಹ್ನ ಊಟಕ್ಕೆ ನಿಲ್ಲಿಸುತ್ತಾರೆ. ಆಗ ಕೇಳುತ್ತದೆ — ಅತ್ತೆ ಕೆರೆದುಕೊಳ್ಳುವ ಸದ್ದು. ಕರಕರ... ಕರಕರ...

ಇವತ್ತು ಅವರ ಉಗುರು ತೆಗೆದೆ. ಎರಡೂ ಕೈಗೆ ಹಳೇ ಧೋತರದ ಬಟ್ಟೆ ಸುತ್ತಿ ಕಟ್ಟಿದೆ. "ಮದುಮಗಳ ಹಂಗೆ ಮಾಡಿದ್ಯಲ್ಲೇ," ಅಂತ ನಕ್ಕರು. ಮಲಗಿದರು.

ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಮಿಲ್ ನಿಂತಿತು. ಕರಕರ...

ಬಟ್ಟೆ ಬಿಚ್ಚಿಕೊಂಡರು ಅಂತ ಒಳಗೆ ಬಂದೆ. ನಿದ್ದೆ. ಎರಡೂ ಕೈ ಎದೆಯ ಮೇಲೆ, ಕಟ್ಟಿದ ಹಾಗೇ. ಸದ್ದು ನಿಂತಿಲ್ಲ.

ಇಲಿ ಇರಬಹುದು. ಇಲಿ ಅಂತಲೇ ಬರೆಯುತ್ತೇನೆ.

ಫೆಬ್ರವರಿ ೧೮, ಶುಕ್ರವಾರ. ಶಿವರಾತ್ರಿ

ಬರೆಯಲು ಆಗಿರಲಿಲ್ಲ. ನೋವು ಶುರುವಾಯಿತು. ಹೊಟ್ಟೆಯಿಂದ ಬೆನ್ನಿಗೆ ಗೂಟ ಹೊಡೆದ ಹಾಗೆ ಅನ್ನುತ್ತಾರೆ. ಅಂಗಾತ ಮಲಗಲು ಆಗುವುದಿಲ್ಲ. ಬುಟ್ಟಿ ಕವುಚಿ ಹಾಕಿ, ಮೇಲೆ ದಿಂಬಿಟ್ಟು, ಅದರ ಮೇಲೆ ಬಗ್ಗಿ ಕೂರುತ್ತಾರೆ. ಹಿಂದೆ ಮುಂದೆ ತೂಗುತ್ತಾರೆ. ಬಾಯಿಂದ ಸದ್ದೇ ಇಲ್ಲ. ಕಿರುಚಿದರೆ ಸಹಿಸಬಹುದು. ಇದು...

ಇವರು ಸಾಗರದ ಡಾಕ್ಟರ ಹತ್ತಿರ ಹೋಗಿ ಕಾಲಿಗೆ ಬಿದ್ದು ಬಂದರು. ಇವತ್ತಿಂದ ಕಾಂಪೌಂಡರು ಗಣೇಶಮೂರ್ತಿ ಸೈಕಲ್ಲಿನಲ್ಲಿ ಬಂದು ಇಂಜೆಕ್ಷನ್ ಕೊಡುತ್ತಾರೆ. ಮಾರ್ಫಿಯ ಅಂತ. ವಯಸ್ಸು ಹೆಚ್ಚಿಲ್ಲ, ಮಾತು ಬಹಳ. ಸೂಜಿ ಕುದಿಸುವಾಗ, "ಬಾಯಿಗೆ ಏನು ರುಚಿಸುತ್ತೋ ಅದೆಲ್ಲ ಕೊಡಿ. ಡಾಕ್ಟ್ರು ಹೇಳಿದಾರೆ. ಇನ್ನು ಪಥ್ಯ ಗಿಥ್ಯ ಎಂತ ಬೇಡ," ಅಂದರು.

ಇವರು ಅವರನ್ನು ಜಗಲಿಗೆ ಎಳೆದುಕೊಂಡು ಹೋದರು. "ಮೆತ್ತಗೆ ಮಾತಾಡಿ ಸ್ವಾಮಿ! ಉಪ್ಪು ಹಾಕಿ ಕೊಟ್ರೆ ಅಮ್ಮಂಗೆ ಗೊತ್ತಾಗ್ತದೆ."

"ಗೊತ್ತಾಗ್ಲಿ ಬಿಡಿ. ಎಂತ ಆಗುತ್ತೆ?"

"ನಿಮ್ಗೆ ಗೊತ್ತಿಲ್ಲ."

ಅವರಿಗೆ ಗೊತ್ತಿಲ್ಲ, ನಿಜ. ನಮ್ಮಲ್ಲಿ ಹಿಡಿದ ಪಥ್ಯ ಬಿಡುವುದು ಎರಡೇ ರೀತಿ. ಗುಣವಾದರೆ ಭೂತಪ್ಪ ಬಂದು ತಲೆಗೆ ನೀರು ಹಾಕಿ ತಾವೇ ಬಿಡಿಸುತ್ತಾರೆ. ಹಾಗಲ್ಲದೆ ನಡುವೆ ಯಾರಾದರೂ ಉಪ್ಪು ಹುಳಿ ತಂದು ಮುಂದಿಟ್ಟರೆ — ಇನ್ನು ಆಸೆ ಇಲ್ಲ, ತಿಂದುಕೊಂಡು ಹೋಗು ಅಂತ ಅರ್ಥ. ಅತ್ತೆಯೇ ಎಷ್ಟು ಜನರಿಗೆ ಹಾಗೆ ಇಟ್ಟು ಬಂದವರು.

ಇಂಜೆಕ್ಷನ್ ಕೊಟ್ಟು ಸ್ವಲ್ಪ ಹೊತ್ತಿಗೆ ಹಣೆಯ ಗಂಟು ಬಿಚ್ಚಿತು. ಮಲಗಿದರು, ಅಂಗಾತ! ನಾನು ಅತ್ತುಬಿಟ್ಟೆ. ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮರೆಯಲ್ಲಿ.

ವಾಪಸು ಬಂದಾಗ ಅತ್ತೆ ಮಾತಾಡುತ್ತಿದ್ದರು. ಮೆಲ್ಲಗೆ. ಒಂದು ಮಾತು ಹೇಳಿ ನಿಲ್ಲಿಸುವುದು. ಕೇಳಿಸಿಕೊಳ್ಳುವುದು. "ಹೌದನಾ?" ಅನ್ನುವುದು. ಮತ್ತೆ ನಿಲ್ಲಿಸುವುದು.

ಕೋಣೆಯಲ್ಲಿ ಯಾರೂ ಇಲ್ಲ.

ನನ್ನ ನೋಡಿ, "ಕಲ್ಲಿನ ಹಿಂದೆ ಕೂತು ಅಳ್ತಿದ್ಯಂತೆ. ಹೂವಿ ಹೇಳಿದ್ಲು," ಅಂದರು.

ಕೋಣೆಗೆ ಹಿತ್ತಲ ಕಡೆ ಕಿಟಕಿ ಇಲ್ಲ.

ಫೆಬ್ರವರಿ ೨೩, ಬುಧವಾರ

ಇಂಜೆಕ್ಷನ್ ಆದ ಮೇಲೆ ದಿನವೂ ಮಾತು. ಮೊದಲಿನ ತಮಾಷೆ ಅಲ್ಲ. ನನ್ನನ್ನು ಹತ್ತಿರ ಕೂರಿಸಿಕೊಂಡು ಬಿಲ್ಲೆಯನ್ನು ನೋಡುತ್ತ ಮಾತಾಡುತ್ತಾರೆ. ನಾನು ಏನಾದರೂ ಅನ್ನಲು ಹೋದರೆ — "ನೀ ಸುಮ್ನಿರು. ಅವಳಿಗೆ ಹೇಳಕ್ಕೆ ಬಿಡು."

ಸುಮ್ಮನಿರುವುದು ನನಗೆ ಕಷ್ಟವಲ್ಲ. ಗೋಡೆಯ ಮೊಳೆಯ ಹಾಗೆ ಕೂತಿರುತ್ತೇನೆ, ಬಿಲ್ಲೆ ತೂಗುಹಾಕಲು.

ಗಣೇಶಮೂರ್ತಿಯನ್ನು ಕೇಳಿದೆ. ಕೇಳಿದೆ ಅಂದರೆ, ಎರಡು ಸಲ ಬಾಯಿ ತೆರೆದು ಮೂರನೆಯ ಸಲಕ್ಕೆ ಮಾತು ಬಂತು. "ಆ ಮದ್ದಿಗೆ ಹಾಗಾಗ್ತದೆ ತಂಗಿ. ಇಲ್ಲದ್ದು ಕಾಣ್ತದೆ. ಹೆದರ್ಬೇಡಿ."

ಇಲ್ಲದ್ದು ಕಾಣಬಹುದು. ಇದ್ದದ್ದು ಹೇಗೆ ಕಂಡಿತು? ಕಲ್ಲಿನ ವಿಷಯ ಕೇಳಬೇಕಿತ್ತು. ಆಗಲಿಲ್ಲ.

ಮಾರ್ಚ್ ೧, ಮಂಗಳವಾರ

ಮೊನ್ನೆ ಶನಿವಾರ ನಡೆದದ್ದು ಇವತ್ತು ಬರೆಯುತ್ತಿದ್ದೇನೆ. ಹೆದರಿಕೆಯಿಂದ ಬರೆದಿರಲಿಲ್ಲ.

ಭೂತಪ್ಪ ಬಂದಿದ್ದರು. ಹಳದಿ ಇಳಿಸಿದರು. ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತ ಕೂತರು. ತಟ್ಟೆ ತೊಳೆಯಲು ಹಿತ್ತಲಿಗೆ ತಂದೆ. ಚಕ್ಕೆಯ ರಸ ಬಟ್ಟಲಲ್ಲಿ ಸ್ವಲ್ಪ ಉಳಿದಿತ್ತು. ಸುಣ್ಣದ ತಿಳಿಯೂ ಇತ್ತು. ಯಾಕೆ ಅಂತ ಗೊತ್ತಿಲ್ಲ — ರಸ ನನ್ನ ಅಂಗೈಗೆ ಸವರಿಕೊಂಡೆ. ನೀರಿಗೆ ಇಳಿಸಿದೆ.

ಹಳದಿ. ಅತ್ತೆಯದಕ್ಕಿಂತ ಗಾಢ.

ಮಂತ್ರ ಇಲ್ಲ, ನೀವುವುದೂ ಇಲ್ಲ. ಹಾಗೇ ಬಿಟ್ಟುಕೊಂಡು ಬಂತು.

ಎರಡು ದಿನ ಕನ್ನಡಿಯಲ್ಲಿ ಕಣ್ಣು ನೋಡಿಕೊಂಡೆ. ರೆಪ್ಪೆ ಎಳೆದು ಎಳೆದು ಕೆಂಪಾಯಿತು. ನನಗೂ ಹತ್ತಿಕೊಂಡಿತು ಅಂದುಕೊಂಡೆ. ಇಲ್ಲವೇ ಬಿಲ್ಲೆಯವಳು... ಅದನ್ನು ಬರೆಯುವುದಿಲ್ಲ.

ಇವತ್ತು ಗಣೇಶಮೂರ್ತಿ ನನ್ನ ಮುಖ ನೋಡಿ ಅವರೇ ಕೇಳಿದರು, ಹೇಳಿದೆ. ಕಣ್ಣು ನೋಡಿ, "ಹಾಲಿನ ಹಾಗಿದೆ ನಿಮ್ಮ ಕಣ್ಣು! ಆ ಚಕ್ಕೆಯೂ ಸುಣ್ಣವೂ ಸೇರಿದ್ರೆ ಯಾರ ಕೈಯಾದ್ರೂ ಹಳದಿ ಬರ್ತದೆ. ಕೋಲು ಅದ್ದಿದ್ರೂ ಬರ್ತದೆ," ಅಂತ ನಕ್ಕರು.

ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಹಾಗಾದರೆ ಅತ್ತೆಯ ಮೈಯಿಂದ ಏನೂ ಇಳಿಯುತ್ತಿಲ್ಲ. ಅವರು ಕುಡಿದ ಸಪ್ಪೆ ಗಂಜಿಯೆಲ್ಲ ಯಾವುದಕ್ಕೂ ಅಲ್ಲ. ಬಾಯಾರಿದವರ ಎದುರು ತುಂಬಿದ ಕೊಡ ಇಟ್ಟುಕೊಂಡು ನಾನೇ ಮುಚ್ಚಳ ಹಾಕಿ ಕೂತಿದ್ದೇನೆ.

ರಾತ್ರಿ ಊಟಕ್ಕೆ ಬಡಿಸುವಾಗ ಇವರಿಗೆ ಹೇಳಿದೆ. ತಲೆ ಎತ್ತಲಿಲ್ಲ ಇವರು. "ನಂಗೂ ಗೊತ್ತು," ಅಂದರು. "ಆ ನೀರು ನೋಡಿದಾಗ ಅಮ್ಮನ ಮುಖ ನೋಡಿದೀಯಾ ನೀನು? ಅಷ್ಟು ಸಾಕು ನಂಗೆ."

ಅನ್ನ ಅರ್ಧಕ್ಕೆ ಬಿಟ್ಟು ಎದ್ದರು.

ಮಾರ್ಚ್ ೪, ಶುಕ್ರವಾರ

"ಹೂವಿಗೆ ಹಸಿವಂತೆ," ಅಂದರು ಅತ್ತೆ.

ನಾನು ಬೆನ್ನು ಒರೆಸುತ್ತಿದ್ದೆ.

"ಎಡೆ ಇಡದೆ ಎಷ್ಟು ಕಾಲ ಆಯ್ತು ಅವಳಿಗೆ? ಕೆಂಪಕ್ಕಿ ಅನ್ನ, ಒಣಮೀನು ಸಾರು, ಮಿಡಿ ಉಪ್ಪಿನಕಾಯಿ. ಎಲೆ ತುದೀಲಿ ಉಪ್ಪು ಮರೀಬೇಡ. ಅವಳಿಗೆ ಉಪ್ಪು ಮುಂದಾಗಬೇಕು."

ಹೂವಮ್ಮನಿಗೋ, ಅತ್ತೆಗೋ? ಮುಖ ನೋಡಿದೆ. ಏನೂ ತಿಳಿಯಲಿಲ್ಲ.

ಇವರಿಗೆ ಹೇಳಿದೆ. ಬೆವರಿದರು. ಸತ್ತವರು ಹಸಿವು ಅಂದರೆ ಇಲ್ಲ ಅನ್ನಬಾರದು. ಭಾನುವಾರ ಇಡು ಅಂದರು.

ಮಾರ್ಚ್ ೬, ಭಾನುವಾರ. ಸಂಜೆ ಆಗಿಲ್ಲ ಇನ್ನೂ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಕೋಣೆಯ ನೆಲ ಸಗಣಿ ಹಾಕಿ ಸಾರಿಸಿದೆ. ಅಡುಗೆ ಮಾಡಿದೆ. ಇವರು ಎಡೆಯನ್ನು ಅಡುಗೆಮನೆಯಲ್ಲಿ ಇಡೋಣ ಅಂದರು. ಅತ್ತೆ ಕೇಳಲಿಲ್ಲ. "ಅವಳು ಇಲ್ಲಿ ನನ್ನ ಹತ್ರ ಕೂತವಳೆ. ನೀ ಅಲ್ಲಿಟ್ಟು ಯಾರನ್ನ ಕರೀತೀಯಾ?"

ಮಂಚದಿಂದ ದೂರ, ಎದುರು ಗೋಡೆಯ ಹತ್ತಿರ ಬಾಳೆಎಲೆ ಹಾಕಿದೆ. ಬಿಲ್ಲೆ ಬಿಚ್ಚಿ ಎಲೆಯ ಮುಂದೆ ಮಣೆಯ ಮೇಲಿಟ್ಟೆ. ತುದಿಗೆ ಉಪ್ಪು, ಪಕ್ಕದಲ್ಲಿ ಉಪ್ಪಿನಕಾಯಿ, ಅನ್ನ, ಸಾರು. ದೀಪ. ನೆಲ ಸಾರಿಸುವ ಮೊದಲೇ ಗಣೇಶಮೂರ್ತಿ ಇಂಜೆಕ್ಷನ್ ಕೊಟ್ಟು ಹೋಗಿದ್ದರು. ಅತ್ತೆ ಅರೆನಿದ್ದೆಯಲ್ಲಿದ್ದರು. ಕೈಗೆ ಬಟ್ಟೆ ಕಟ್ಟಿದ್ದೆ. ಅವರಿಗೆ ಮಗ್ಗುಲಾಗಲೂ ನನ್ನ ಕೈ ಬೇಕು ಈಗ.

ಬಾಗಿಲು ಹಾಕಿಕೊಂಡು ಇಬ್ಬರೂ ಜಗಲಿಯಲ್ಲಿ ಕೂತೆವು. ಸತ್ತವರು ಉಣ್ಣುವಾಗ ನೋಡಬಾರದು. ಭಾನುವಾರ, ಮಿಲ್ಲಿಲ್ಲ. ರಸ್ತೆಯಲ್ಲೂ ಬಸ್ಸಿಲ್ಲ. ಬಿಸಿಲು ಬಿಳಿ ಬಟ್ಟೆಯ ಹಾಗೆ ಅಂಗಳದಲ್ಲಿ ಬಿದ್ದಿತ್ತು. ನಾಯಿಯೊಂದು ಬಂದು ಬಾಗಿಲ ಕಡೆ ನೋಡಿ, ಬಂದ ದಾರಿಯಲ್ಲೇ ಹೋಯಿತು.

ಬಾಗಿಲು ಮೂರು ಸಲ ತಟ್ಟಿ ತೆರೆದೆವು.

ಅನ್ನ ಇಟ್ಟ ಹಾಗೇ. ಸಾರು ಹಾಗೇ. ಮೀನು ಹಾಗೇ. ಉಪ್ಪು ಇರಲಿಲ್ಲ. ಉಪ್ಪು ಇದ್ದ ಜಾಗದಲ್ಲಿ ಎಲೆ ಒದ್ದೆಯಾಗಿ ಹೊಳೆಯುತ್ತಿತ್ತು. ನೆಕ್ಕಿದ ಹಾಗೆ.

ಅತ್ತೆ ಮಂಚದಲ್ಲಿ ನಿದ್ದೆ. ಕೈಯ ಬಟ್ಟೆ ಗಂಟು ಹಾಕಿದ ಹಾಗೇ, ಒಣ. ನೆಲ ಇನ್ನೂ ಪೂರ್ತಿ ಆರಿರಲಿಲ್ಲ. ಕಾಲಿಟ್ಟರೆ ಗುರುತು ಬೀಳುತ್ತಿತ್ತು. ನಾನು ಬಡಿಸಿ ಬಂದ ಗುರುತು ಮಾತ್ರ ಇತ್ತು.

ಇವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. "ಬಂದವಳೆ. ಅಮ್ಮನ್ನ ಕರ್ಕಂಡು ಹೋಗಕ್ಕೇ ಬಂದವಳೆ."

ಬಿಲ್ಲೆ ಮತ್ತೆ ಕೊರಳಿಗೆ ಹಾಕಿಕೊಳ್ಳಬೇಕಿತ್ತು. ಹಾಕಿಕೊಂಡೆ. ಬಿಸಿಯಾಗಿತ್ತು. ದೀಪದ ಹತ್ತಿರ ಇದ್ದದ್ದಕ್ಕೆ ಇರಬಹುದು.

ಮಾರ್ಚ್ ೭, ಸೋಮವಾರ

ಗಣೇಶಮೂರ್ತಿಯನ್ನು ಇವರು ಅಂಗಳದಿಂದಲೇ ವಾಪಸು ಕಳಿಸಿದರು.

"ಇನ್ನು ಬರ್ಬೇಡಿ."

"ಯಾಕ್ರೀ ದುಗ್ಗಪ್ಪ? ನೋವು ತಡೀತಾರಾ ಅವ್ರು?"

"ಆ ಸೂಜಿ ಹಾಕಿದ್ರೇ ಅವಳು ಬರೋದು. ಸೂಜಿ ಇಲ್ದಿದ್ದಾಗ ಬಂದಿಲ್ಲ. ಅಮ್ಮನ ಹತ್ರ ಬರಕ್ಕೆ ಅವಳಿಗೆ ಬಾಗಿಲು ತೆರೆದು ಕೊಡ್ತೀರಿ ನೀವು."

ಗಣೇಶಮೂರ್ತಿ ನನ್ನ ಕಡೆ ನೋಡಿದರು. ನಾನು ಏನಾದರೂ ಹೇಳುತ್ತೇನೆ ಅಂತ. ನಾನು ನೆಲ ನೋಡಿದೆ.

ಸೈಕಲ್ ತಿರುಗಿಸಿಕೊಂಡು ಹೋದರು.

ಮಾರ್ಚ್ ೧೧, ಶುಕ್ರವಾರ

ಬುಟ್ಟಿಯ ಮೇಲೆ ಬಗ್ಗಿ ಕೂತವರು ಎದ್ದಿಲ್ಲ. ದಿಂಬಿನ ಬಟ್ಟೆ ಕಚ್ಚಿ ಹರಿದಿದ್ದಾರೆ. ತೂಗುವುದು ಮಾತ್ರ ನಿಲ್ಲುವುದಿಲ್ಲ. ಹಿಂದೆ ಮುಂದೆ. ಹಿಂದೆ ಮುಂದೆ. ಇವರು ಮಿಲ್ಲಿನಿಂದ ಬರುವುದೇ ಇಲ್ಲ, ಅಲ್ಲೇ ಮೂಟೆಯ ಮೇಲೆ ಮಲಗುತ್ತಾರೆ. ಬಂದರೆ ಅಮ್ಮನ ಬೆನ್ನು ನೋಡಿ ಮತ್ತೆ ಹೊರಗೆ.

ಇವರು ಹೇಳಿದ್ದು ಸುಳ್ಳು. ಸೂಜಿ ಇಲ್ಲದೆಯೂ ಅವಳು ಬರುತ್ತಾಳೆ. ಅತ್ತೆ ಬಗ್ಗಿದಲ್ಲಿಂದಲೇ, ತಲೆ ಎತ್ತದೆ, "ಬಂದ್ಯಾ? ಆ ಕಡೆ ಕೂರು, ಕಾಲಿಗೆ ಸಿಗ್ತೀಯಾ," ಅಂದರು ಇವತ್ತು.

ನಾನೂ ಸ್ವಲ್ಪ ಸರಿದು ಕೂತೆ. ಜಾಗ ಬಿಟ್ಟು.

ಮಾರ್ಚ್ ೧೩, ಭಾನುವಾರ

ನಾನು ಮಾತಾಡಿದೆ.

ಮಧ್ಯಾಹ್ನ. ಅತ್ತೆಗೆ ನೀರು ಕುಡಿಸಲು ಬಗ್ಗಿದೆ. ಬಿಲ್ಲೆ ಅವರ ಮುಖದ ಮುಂದೆ ತೂಗಿತು. ಬಟ್ಟೆ ಸುತ್ತಿದ ಎರಡೂ ಕೈಗಳ ನಡುವೆ ಅದನ್ನು ಹಿಡಿದು ಎಳೆದುಕೊಂಡರು. ದಾರ ನನ್ನ ಕತ್ತಿಗೆ ಕೊರೆಯಿತು. ಅವರ ಉಸಿರು ನನ್ನ ಗಲ್ಲಕ್ಕೆ. ಉಸಿರಿಗೂ ಬೇರೆ ವಾಸನೆ ಬಂದಿದೆ.

"ಹೂವಿ, ನೀನಾದ್ರೂ ಹೇಳೇ. ಇವ್ರೆಲ್ಲ ಬಾಯಿ ಹೊಲ್ಕಂಡವರೆ. ನಾ ಏಳ್ತೀನಾ?"

ಕಾದರು. ಯಾವಾಗಲೂ ಹಾಗೆ ಕಾದು, ಕೇಳಿಸಿತು ಅನ್ನುವ ಹಾಗೆ ತಲೆ ಆಡಿಸುತ್ತಿದ್ದರು. ಇವತ್ತು ಆಡಿಸಲಿಲ್ಲ.

"ಹೇಳೇ. ಏಳ್ತೀನಾ?"

ಮತ್ತೆ ಕಾದರು. ಬಿಲ್ಲೆಯನ್ನೇ ನೋಡುತ್ತಿದ್ದರು, ಕಣ್ಣಿಲ್ಲದ ಆ ಮುಖವನ್ನು. ಕೋಣೆಯಲ್ಲಿ ಯಾರೋ ಹೇಳಲು ಬಾಯಿ ತೆರೆದು ನಿಂತ ಹಾಗಿತ್ತು. ಆ ಯಾರೋ ಹೇಳಿಬಿಟ್ಟರೆ ಅನ್ನುವ ಭಯ ಬಂತು ನನಗೆ. ಅವರಿಗಿಂತ ಮೊದಲು ನಾನು ಹೇಳಬೇಕು ಅನ್ನಿಸಿತು.

"ಏಳೋದಿಲ್ಲ ಅತ್ತೆ," ಅಂದೆ.

ಹಳದಿ ಕಣ್ಣು ಬಿಲ್ಲೆಯಿಂದ ಮೇಲೆ ಬಂದು ನನ್ನ ಮುಖಕ್ಕೆ ನಿಂತಿತು. ಎಷ್ಟೋ ದಿನಗಳ ಮೇಲೆ ನನ್ನನ್ನು ನೋಡಿದರು.

"ಯಾರು ಹೇಳಿದ್ದು? ಅವಳಾ, ನೀನಾ?"

"ನಾನು. ಮೀನಾಕ್ಷಿ."

"ಇನ್ನೊಂದ್ಸಲ ಹೇಳು."

"ಹೊಟ್ಟೆ ಕೊಯ್ದವ್ರು ಏನೂ ತೆಗೀಲಿಲ್ಲ ಅತ್ತೆ. ತೆಗೆಯಕ್ಕೆ ಆಗ್ಲಿಲ್ಲಂತೆ. ಹಾಗೇ ಹೊಲಿದ್ರು."

ಬಿಲ್ಲೆ ಬಿಟ್ಟರು. ಬುಟ್ಟಿಯ ಮೇಲೆ ಕೆನ್ನೆ ಇಟ್ಟರು. ತೂಗುವುದು ನಿಂತಿತು. ಆಣೆ ಮುರಿದೆ, ಇವರು ಏನಾಗುತ್ತಾರೋ ಅಂತ ಬಾಗಿಲ ಕಡೆ ನೋಡಿದೆ.

"ಇಷ್ಟು ದಿನ ಇದನ್ನ ಹೊಟ್ಟೇಲಿಟ್ಕಂಡು ನಂಗೆ ಸಪ್ಪೆ ಗಂಜಿ ಹುಯ್ದ್ಯಾ, ಮೂದೇವಿ?"

"ಹೂಂ."

"ನಂಗೆ ಗಡ್ಡೆ ಹೊಟ್ಟೇಲಾದ್ರೆ ನಿಂಗೆ ಗಂಟಲಲ್ಲಿ." ನಕ್ಕರೋ ನರಳಿದರೋ ಗೊತ್ತಾಗಲಿಲ್ಲ. "ಹಂಗಾದ್ರೆ ಉಪ್ಪು ತಾ."

ತಂದೆ. ಎರಡು ಹರಳು ನಾಲಿಗೆಯ ಮೇಲಿಟ್ಟೆ. ಕಣ್ಣು ಮುಚ್ಚಿಕೊಂಡು ಚೀಪಿದರು. ಬಾಯಿಯ ಕೊನೆಯಿಂದ ನೀರು ಇಳಿಯಿತು, ಒರೆಸಿದೆ.

ಆಮೇಲೆ, "ದುಗ್ಗನ್ನ ಕರಿ," ಅಂದರು.

ಭಾನುವಾರವಾದರೂ ಇವರು ಅಲ್ಲೇ ಇದ್ದರು, ಮಿಲ್ಲಿನ ಬಾಗಿಲ ತನಕ ನಾನೇ ಹೋದೆ. ನಾನು ಒಬ್ಬಳೇ ಅಲ್ಲಿಗೆ ಹೋದದ್ದು ಅದೇ ಮೊದಲು. ಕರೆದೆ. ಜೋರಾಗಿ.

ಇವರು ಬಂದು ಬಾಗಿಲಲ್ಲೇ ನಿಂತರು. ಉಪ್ಪಿನ ಬಟ್ಟಲು ನೋಡಿದರು. ನನ್ನ ನೋಡಿದರು. ಹೊಡೆಯುತ್ತಾರೆ ಅಂದುಕೊಂಡೆ.

"ಅವಳ ಕಡೆ ಎಂತ ನೋಡ್ತೀಯಾ? ನಿನ್ನ ಹೆಂಡ್ತಿ ಸುಳ್ಳು ಹೇಳಕ್ಕೆ ಬರದ ದಡ್ಡಿ. ನೀ ಅದ್ರಲ್ಲಿ ಜಾಣ, ಅಪ್ಪನ ಹಂಗೆ. ಆ ಸೂಜಿಯವನ್ನ ಕರ್ಸು."

"ಅಮ್ಮ, ಅದು ಹಾಕಿದ್ರೆ ಅವಳು ಬರ್ತಾಳೆ..."

"ಬರ್ಲಿ ಬಿಡಾ. ಈ ನೋವು ಬರೋಕಿಂತ ಅವಳು ಬರೋದು ಮೇಲು. ಅವಳಾದ್ರೆ ನಾಲ್ಕು ಮಾತಾಡ್ತಾಳೆ."

ಇವರು ಮಂಚದ ಕಾಲಿಗೆ ತಲೆ ಒತ್ತಿಕೊಂಡು ಕೂತುಬಿಟ್ಟರು. ಭುಜ ಮಾತ್ರ ಅಲುಗುತ್ತಿತ್ತು. ಅತ್ತೆ ಬಟ್ಟೆ ಸುತ್ತಿದ ಕೈಯಿಂದ ತಲೆ ತಟ್ಟಿದರು, ಮಗುವಿಗೆ ತಟ್ಟಿದ ಹಾಗೆ. "ಹೋಗು. ಆಮೇಲೆ ಅಳು. ಈಗ ತಡೆಯಕ್ಕಾಗಲ್ಲ ನಂಗೆ."

ಇವರು ಯಾರದೋ ಸೈಕಲ್ ಇಸಿದುಕೊಂಡು ಸಾಗರದ ದಾರಿ ಹಿಡಿದರು. ದೀಪ ಹಚ್ಚುವ ಹೊತ್ತಿಗೆ ಗಣೇಶಮೂರ್ತಿ ಬಂದರು. ಬಂದವರೇ ಸೂಜಿ ಕುದಿಸಲು ಕೂತರು.

ಮಾರ್ಚ್ ೧೯, ಶನಿವಾರ

ಭೂತಪ್ಪ ತಟ್ಟೆ ಹಿಡಿದುಕೊಂಡು ಬಂದರು. ಅತ್ತೆ, "ಭೂತಣ್ಣ, ಅದನ್ನ ಚೀಲಕ್ಕೆ ಹಾಕು. ಮೀನು ಸಾರು ಆಗ್ತದೆ, ಉಂಡ್ಕಂಡು ಹೋಗು. ನಂಗೆ ತಿನ್ನಕ್ಕಾಗಲ್ಲ, ನೀ ತಿನ್ನೋದು ನೋಡ್ತೀನಿ," ಅಂದರು.

ಭೂತಪ್ಪ ತಟ್ಟೆ ಚೀಲಕ್ಕೆ ಹಾಕಿದರು. ಉಂಡರು. ಅತ್ತೆ ಒಂದು ತುತ್ತನ್ನು ಸಾರಿನಲ್ಲಿ ಕಲಸಿ ತುಟಿಗೆ ಹಚ್ಚಿಸಿಕೊಂಡರು, ಅಷ್ಟೇ. "ಹುಳಿ ಕಮ್ಮಿ," ಅಂತ ನನ್ನ ಬೈದರು.

ಹೊರಡುವಾಗ ಭೂತಪ್ಪ ಅಂಗಳದಲ್ಲಿ ನಿಂತು, "ಮೊದಲ ದಿನ ಹೊಟ್ಟೆ ಮುಟ್ಟಿದಾಗಲೇ ಗೊತ್ತಾಗಿತ್ತು ತಂಗಿ. ನಿನ್ನ ಗಂಡ ಕೈ ಹಿಡ್ಕಂಡು ಅತ್ತ. ಬರಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ," ಅಂದರು.

ನಮ್ಮ ಮನೆಗೆ ಬಂದವರಿಗೆಲ್ಲ ಬಾಯಿ ಹೋಗುತ್ತದೆ ಅಂತ ಕಾಣುತ್ತದೆ.

ಮಾರ್ಚ್ ೨೬, ಶನಿವಾರ

ಯುಗಾದಿ ಆಯಿತು. ಬರೆಯಲು ಹೊತ್ತು ಸಿಗಲಿಲ್ಲ. ಬೆನ್ನಿಗೆ ಹುಣ್ಣಾಗದ ಹಾಗೆ ಮಗ್ಗುಲು ಬದಲಿಸಬೇಕು, ಬಾಯಿ ಒದ್ದೆ ಬಟ್ಟೆಯಿಂದ ಒರೆಸಬೇಕು. ಗಣೇಶಮೂರ್ತಿ ದಿನಕ್ಕೆ ಎರಡು ಸಲ ಬರುತ್ತಾರೆ. ಇವರು ಮಿಲ್ಲಿಗೆ ರಜೆ ಹಾಕಿ ಅಮ್ಮನ ಕಾಲು ನೀವುತ್ತ ಕೂರುತ್ತಾರೆ. ನನ್ನ ಮೇಲೆ ಸಿಟ್ಟಿಲ್ಲ. ಮಾತೂ ಇಲ್ಲ. ನಿನ್ನೆ ನಾನು ಕೇಳದೆಯೇ ನೀರು ಸೇದಿ ತಂದಿಟ್ಟರು.

ಅತ್ತೆ ಈಗ ಬಿಲ್ಲೆಯ ಜೊತೆ ಮಾತಾಡುವುದಿಲ್ಲ. ಧೈರ್ಯ ಮಾಡಿ ಕೇಳಿದೆ. "ಅವಳು ಬರೋದಿಲ್ವಾ ಅತ್ತೆ?"

"ಅವಳಿಗೆಂತ ಕೆಲಸ ಈಗ? ಹೇಳ್ಬೇಕಾದ್ದು ನೀ ಹೇಳಿದ್ಯಲ್ಲ."

"ಅವತ್ತು ಎಡೇಲಿ ಉಪ್ಪು... ನೀವಾ?"

ನನ್ನ ನೋಡಿದರು. "ನಾ ಎದ್ದು ಹೋಗಿ ತಿಂದೆ ಅಂದ್ರೆ ನಂಬ್ತೀಯಾ?"

"ಇಲ್ಲ."

"ಅವಳು ತಿಂದ್ಲು ಅಂದ್ರೆ?"

ಬಿಲ್ಲೆಯನ್ನು ಸೆರಗಿನೊಳಗೆ ಸರಿಸಿದೆ.

"ಮತ್ತೆ ಎಂತಕ್ಕೆ ಕೇಳ್ತೀಯಾ," ಅಂದು ಕಣ್ಣು ಮುಚ್ಚಿದರು.

ಇನ್ನೊಂದು. ಕರಕರ ಸದ್ದು ನಿಂತಿದೆ. ಬಟ್ಟೆ ಬೇಡ ಅಂದರು, ಬಿಚ್ಚಿದೆ. ಅತ್ತೆ ಕೆರೆದುಕೊಳ್ಳುತ್ತಲೇ ಇದ್ದಾರೆ, ತೋಳು, ಕತ್ತು. ಬೆರಳು ಆಡುವುದು ಕಾಣುತ್ತದೆ. ಸದ್ದು ಮಾತ್ರ ಇಲ್ಲ.

ಏಪ್ರಿಲ್ ೧, ಶುಕ್ರವಾರ. ಬೆಳಿಗ್ಗೆ

ಇವರು ಗಣೇಶಮೂರ್ತಿಯನ್ನು ಕರೆಯಲು ಹೋಗಿದ್ದಾರೆ. ಬೆಳಗಿನ ಜಾವದಿಂದ ಅತ್ತೆಯ ಉಸಿರು ಬಿಟ್ಟು ಬಿಟ್ಟು ಬರುತ್ತಿದೆ. ನೋವಿಲ್ಲವಂತೆ. ಮುಖ ತಿಳಿಯಾಗಿದೆ.

ದಿಂಬು ಒರಗಿಸಿ ಕೂರಿಸು ಅಂದರು. ಕೂರಿಸಿದೆ. ಬಾಚಣಿಗೆ ಕೊಡು ಅಂದರು. ಅವರ ತಲೆ ಬಾಚಲು ಹೋದೆ. "ನಂದಲ್ಲ. ತಿರುಗಿ ಕೂರು. ಇಷ್ಟು ಕೂದಲಿಟ್ಕಂಡು ಎಂತ ಅವತಾರ ಇದು? ನೋಡಿದವ್ರು ಅತ್ತೆ ಇಲ್ಲ ಅಂತಾರೆ."

ಮಂಚಕ್ಕೆ ಬೆನ್ನು ಕೊಟ್ಟು ನೆಲದಲ್ಲಿ ಕೂತೆ. "ನೀ ಬರ್ಕೋ ನಿನ್ನ ರಾಮಾಯಣ. ತಲೆ ಅಲ್ಲಾಡಿಸ್ಬೇಡ, ಅಷ್ಟೆ." ನಾನು ಬರೆಯುವುದು ಅವರಿಗೆ ಗೊತ್ತೇ ಇತ್ತು. ಬರೆಯುತ್ತಿದ್ದೇನೆ.

ಬಾಚಣಿಗೆಯಲ್ಲಿ ಭಾರವೇ ಇಲ್ಲ. ಸಿಕ್ಕು ಬಂದಲ್ಲಿ ನಿಂತು, ಸುಧಾರಿಸಿಕೊಂಡು, ಮತ್ತೆ. ಈ ಮನೆಗೆ ಬಂದಂದಿನಿಂದ ನನ್ನ ತಲೆ ಯಾರೂ ಬಾಚಿರಲಿಲ್ಲ. ಬೈತಲೆ ತೆಗೆದರು. ಜಡೆಗೆ ಮೂರು ಕಾಲು ಮಾಡಿದರು. ಹೆಣೆಯುತ್ತಿದ್ದಾರೆ, ಒಂದು, ಇನ್ನೊಂದು.

ನಿಂತಿತು.

ಅತ್ತೆ, ಅಂದೆ. ಹೂಂ ಅನ್ನಲಿಲ್ಲ. ಉಸಿರಿಗೆ ಕಾದೆ. ಇನ್ನೂ ಕಾಯುತ್ತಿದ್ದೇನೆ. ಬೆರಳು ಜಡೆಯ ಒಳಗೇ ಇವೆ, ಕತ್ತಿಗೆ ತಾಗಿಕೊಂಡು, ಬೆಚ್ಚಗೆ. ತಿರುಗಿ ನೋಡಿದರೆ ಹೆಣೆದದ್ದು ಬಿಚ್ಚಿಹೋಗುತ್ತದೆ. ಅಲ್ಲಾಡಬೇಡ ಅಂದಿದ್ದಾರೆ.

ಮಿಲ್ ಶುರುವಾಯಿತು. ಸೈಕಲ್ ಬೆಲ್ಲು... ಅಲ್ಲ, ರಸ್ತೆಯಲ್ಲಿ ಹೋಯಿತು.

ಈಗ — ಒಂದು ಎಳೆ ಮೇಲೆ ಬಂತು. ಮೆಲ್ಲಗೆ. ಅದರ ಮೇಲೆ ಇನ್ನೊಂದು. ಹೆಣೆಯುತ್ತಿದ್ದಾರೆ. ಉಸಿರಿನ ಸದ್ದು ಮಾತ್ರ ಇಲ್ಲ.